ತೋಪು ಸಮುದ್ರಕ್ಕೆ ಬಿದ್ದರೆ ನಗಬಹುದು, ಬದು ಸರಿದರೆ?

ಕಳೆದ ಬೇಸಿಗೆಯಲ್ಲಿ ಅಪ್ಪ ಶ್ರೀನಿವಾಸಪುರದ ಹತ್ತಿರವಿರುವ ನಮ್ಮ ಮಾವಿನ ತೋಪಿಗೆ ಖಾಸಗಿಯವರಿಂದ ಡ್ರೋನ್ ಸರ್ವೆ ಮಾಡಿಸಿದರು. ಪಕ್ಕದ ತೋಪು ಚಿಕ್ಕಪ್ಪನದು. ನಡುವಿನ ಬದು ಎಲ್ಲಿದೆ ಎಂಬುದು ಹಳೆಯ ತಕರಾರು. ಸರ್ವೆಯವರು ಕೊಟ್ಟ ಫೈಲನ್ನು ಅಪ್ಪ ಹೈದರಾಬಾದಿಗೆ ಕಳಿಸಿ, ‘ಕಂಪ್ಯೂಟರ್ ಓದಿದವನು ನೀನು, ಒಂದು ಸಲ ನೋಡಪ್ಪ’ ಎಂದರು. ಲ್ಯಾಪ್‌ಟಾಪಿನಲ್ಲಿ ತೆರೆದರೆ ನಮ್ಮ ತೋಪು ಅರಬ್ಬೀ ಸಮುದ್ರದಲ್ಲಿತ್ತು! ಊರಿನಿಂದ ಪಶ್ಚಿಮಕ್ಕೆ ಸುಮಾರು 650 ಕಿಲೋಮೀಟರ್ ದೂರದಲ್ಲಿ.

ಕಾರಣ ಹುಡುಕಲು ಐದು ನಿಮಿಷ ಸಾಕಾಯಿತು. ನಕ್ಷೆಗಳಿಗಾಗಿ ಜಗತ್ತನ್ನು ಆರಾರು ಡಿಗ್ರಿ ಅಗಲದ ಪಟ್ಟಿಗಳಾಗಿ ಹಂಚಿದ್ದಾರೆ. ಇದಕ್ಕೆ ಯುಟಿಎಂ ಎನ್ನುತ್ತಾರೆ. 72ರಿಂದ 78 ಡಿಗ್ರಿ ರೇಖಾಂಶದವರೆಗೆ 43ನೇ ವಲಯ, ಅಲ್ಲಿಂದ 84ರವರೆಗೆ 44ನೇ ವಲಯ. ಕರ್ನಾಟಕದ ಬಹುಭಾಗ 43ರಲ್ಲಿದೆ. ಆದರೆ 78ನೇ ರೇಖಾಂಶ ಕೋಲಾರ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಮಾಲೂರು ಈಚೆ, ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ ಆಚೆ, ಅಂದರೆ ಹೈದರಾಬಾದ್ ಮತ್ತು ಚೆನ್ನೈ ಇರುವ ವಲಯದಲ್ಲಿ. ಫೈಲಿನೊಳಗಿನ ಅಂಕಿಗಳು 44ರವು. ಮೇಲಿನ ಚೀಟಿ ಮಾತ್ರ ಬೆಂಗಳೂರಿನ ಅಭ್ಯಾಸದಂತೆ 43 ಎಂದಿತ್ತು.

ಈ ಚೀಟಿಗೆ ನಮ್ಮ ವೃತ್ತಿಯಲ್ಲಿ ನಿರ್ದೇಶಾಂಕ ವ್ಯವಸ್ಥೆ ಅಥವಾ ಸಿಆರ್‌ಎಸ್ ಎಂದು ಹೆಸರು. ನಕ್ಷೆಯ ಅಂಕಿಗಳನ್ನು ಎಲ್ಲಿಂದ, ಯಾವ ಅಳತೆಯಲ್ಲಿ, ಭೂಮಿಯ ಯಾವ ಆಕಾರವನ್ನು ನಂಬಿ ಲೆಕ್ಕ ಹಾಕಿದ್ದಾರೆ ಎಂದು ಅದು ಹೇಳುತ್ತದೆ. ಅದು ತಪ್ಪಿದರೆ ಸರಿಯಾದ ಅಂಕಿಯೂ ಸುಳ್ಳು ಹೇಳುತ್ತದೆ.

ಇಲ್ಲಿ ಎರಡು ಕೆಲಸಗಳಿವೆ, ಬಹಳ ಮಂದಿ ಅವನ್ನು ಒಂದೇ ಎಂದುಕೊಳ್ಳುತ್ತಾರೆ. ನಮ್ಮ ಕಡೆ ಎಕರೆಗೆ 40 ಗುಂಟೆ, ಗಡಿಯಾಚೆ ಆಂಧ್ರದಲ್ಲಿ ಎಕರೆಗೆ 100 ಸೆಂಟ್. 20 ಗುಂಟೆಯನ್ನು 50 ಸೆಂಟ್ ಎಂದು ಬರೆದರೆ ಅದು ಪರಿವರ್ತನೆ. ‘ಗುಂಟೆ’ ಎಂಬ ಪದವನ್ನು ಹೊಡೆದುಹಾಕಿ 20 ಸೆಂಟ್ ಎಂದು ಬರೆದರೆ ಅದು ಬರೀ ಚೀಟಿ ಬದಲಾವಣೆ. ಜಮೀನು ಅರ್ಧಕ್ಕಿಂತ ಕಡಿಮೆಯಾಯಿತು. ನಕ್ಷೆಯ ಸಾಫ್ಟ್‌ವೇರಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಗುಂಡಿಗಳಿವೆ. ಅವಸರದಲ್ಲಿ ಯಾವುದನ್ನು ಒತ್ತಿದರೂ ಎಚ್ಚರಿಕೆ ಬರುವುದಿಲ್ಲ.

ಇದು ಈಗ ಬರೀ ಎಂಜಿನಿಯರುಗಳ ತಲೆನೋವಾಗಿ ಉಳಿದಿಲ್ಲ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ, ನಿವೇಶನಗಳನ್ನು ಡ್ರೋನ್‌ನಿಂದ ಅಳೆದು ಆಸ್ತಿ ಕಾರ್ಡ್ ಕೊಡಲಾಗುತ್ತಿದೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ನಿರ್ಬಂಧಗಳನ್ನು ಸಡಿಲಿಸಿತು, 2022ರ ಕೊನೆಗೆ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಬಂತು, 2025ರಲ್ಲಿ ನಗರಗಳ ಜಮೀನು ಅಳೆಯುವ ‘ನಕ್ಷಾ’ ಆರಂಭವಾಯಿತು. ಕರ್ನಾಟಕದಲ್ಲಿ ಸರ್ವೆ ನಂಬರುಗಳನ್ನು ಮೊಬೈಲಿನಲ್ಲೇ ತೋರಿಸುವ ದಿಶಾಂಕ್ ಇದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಊರು ಬಿಟ್ಟು ದೂರ ಇರುವ ನಮ್ಮಂಥವರಿಗಂತೂ ಜಮೀನು ಈಗ ಕಾಣುವುದೇ ಫೋನಿನಲ್ಲಿ. ಆದರೆ ಹೊಸ ಅಳತೆ ಕೂರಬೇಕಾದುದು ಹಳೆಯ ದಾಖಲೆಯ ಮೇಲೆ. ತೊಂದರೆ ಇರುವುದು ಆ ಬೆಸುಗೆಯಲ್ಲಿ.

ನಮ್ಮ ಗ್ರಾಮ ನಕ್ಷೆ, ಟಿಪ್ಪಣಿಗಳು 33 ಅಡಿಯ ಸರಪಳಿ ಹಿಡಿದು ಅಳೆದವು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ, ಅಂದರೆ 1,089 ಚದರಡಿಯೇ ಒಂದು ಗುಂಟೆ. ಕಲ್ಲಿನಿಂದ ಕಲ್ಲಿಗೆ ಎಷ್ಟು ದೂರ ಎಂಬುದು ಅವುಗಳಲ್ಲಿದೆ. ಅಕ್ಷಾಂಶ, ರೇಖಾಂಶ ಇಲ್ಲ. ಅವುಗಳಿಗಿಂತ ದೊಡ್ಡ ಹಳೆಯ ಭೂಪಟಗಳಲ್ಲಿ ಅಕ್ಷಾಂಶ, ರೇಖಾಂಶ ಇವೆ, ಆದರೆ ಅವು ಎವರೆಸ್ಟ್ ಗೋಳವನ್ನು ನಂಬಿದವು. ಜಾರ್ಜ್ ಎವರೆಸ್ಟ್ 1830ರಲ್ಲಿ ಭಾರತದ ಅಳತೆಗೆ ಹೊಂದುವಂತೆ ಲೆಕ್ಕ ಹಾಕಿದ ಭೂಮಿಯ ಆಕಾರ ಅದು. ಇಂದಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಇನ್ನೊಂದು ಆಕಾರವನ್ನು. ಎರಡರ ಕೇಂದ್ರಗಳೂ ಒಂದೇ ಅಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಿಸಲು ಭಾರತಕ್ಕೆ ಸಾಮಾನ್ಯವಾಗಿ ಬಳಸುವ ಸಂಖ್ಯೆಗಳು ಮೂರು ದಿಕ್ಕಿಗೆ 295, 736, 257 ಮೀಟರ್.

ಈ ಸಂಖ್ಯೆಗಳನ್ನು ಕೊಡದೆ ಚೀಟಿ ಮಾತ್ರ ಬದಲಿಸಿದರೆ ಏನಾಗುತ್ತದೆಂದು ನಮ್ಮ ತೋಪಿಗೆ ಲೆಕ್ಕ ಹಾಕಿದೆ. ಅದು ಸುಮಾರು 200 ಮೀಟರ್ ಸರಿದು ಬೇರೆಯವರ ಜಮೀನಿನಲ್ಲಿ ಕೂತಿತು. ಸಂಖ್ಯೆ ಕೊಟ್ಟರೂ ಪೂರ್ತಿ ನೆಮ್ಮದಿಯಿಲ್ಲ, ಆ ಸಂಖ್ಯೆಗಳಲ್ಲೇ ಹತ್ತು ಹದಿನೈದು ಮೀಟರ್‌ನ ಅನಿಶ್ಚಿತತೆ ಇದೆ. ಬದುವಿನ ಜಗಳಕ್ಕೆ ಅದು ಸಾಲದು. ಸ್ಥಳದ ಕಲ್ಲುಗಳಿಗೆ ಹೊಂದಿಸಲೇಬೇಕು.

ಇನ್ನೊಂದು ಸಣ್ಣ ವ್ಯತ್ಯಾಸವಿದೆ, ಅದು ಇನ್ನೂ ಮೋಸದ್ದು. ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವಾಗ ಉದ್ದ ಎಲ್ಲೋ ಕುಗ್ಗುತ್ತದೆ, ಎಲ್ಲೋ ಹಿಗ್ಗುತ್ತದೆ. 43ನೇ ವಲಯದ ನಡುಗೆರೆಯ ಮೇಲಿರುವ ಧಾರವಾಡದಲ್ಲಿ ಒಂದು ಕಿಲೋಮೀಟರ್ ಯುಟಿಎಂ ನಕ್ಷೆಯಲ್ಲಿ 40 ಸೆಂಟಿಮೀಟರ್ ಕಡಿಮೆ ಕಾಣುತ್ತದೆ. ವಲಯದ ಅಂಚಿನಲ್ಲಿರುವ ಶ್ರೀನಿವಾಸಪುರದಲ್ಲಿ ಸುಮಾರು 70 ಸೆಂಟಿಮೀಟರ್ ಹೆಚ್ಚು. ಅಲ್ಲಿ ಹತ್ತು ಎಕರೆ ಅಳೆದರೆ ಹತ್ತಿರ ಹತ್ತಿರ ಅರ್ಧ ಗುಂಟೆ ಹೆಚ್ಚು ತೋರಿಸುತ್ತದೆ. 20–30 ಸೈಟಿಗಿಂತ ಸ್ವಲ್ಪ ಕಡಿಮೆ. ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಲು ಅಷ್ಟು ಜಾಗ ಸಾಕು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ತಾಲ್ಲೂಕಿನ ನಡುವೆ ಹಾದುಹೋಗುವ ರೇಖಾಂಶವನ್ನೇ ನಡುಗೆರೆ ಮಾಡಿಕೊಂಡು, ಅಲ್ಲಿನ ಎತ್ತರಕ್ಕೆ ತಕ್ಕ ಅಳತೆ ಇಟ್ಟು, ನಮ್ಮದೇ ಸಿಆರ್‌ಎಸ್ ಕಟ್ಟಿಕೊಳ್ಳಬಹುದು. ಆ ಗೆರೆಯಿಂದ 20 ಕಿಲೋಮೀಟರ್ ಆಚೀಚೆ ಹೋದರೂ ಪ್ರೊಜೆಕ್ಷನ್‌ನಿಂದಾಗುವ ವ್ಯತ್ಯಾಸ ಕಿಲೋಮೀಟರಿಗೆ ಅರ್ಧ ಸೆಂಟಿಮೀಟರ್ ಮಾತ್ರ. ನಾನೂ ನಮ್ಮ ತಾಲ್ಲೂಕಿಗೆ ಹೀಗೊಂದು ಮಾಡಿಕೊಂಡೆ, ಡ್ರೋನ್ ಅಳತೆಯ ವಿಸ್ತೀರ್ಣ ಪಹಣಿಗೆ ಹತ್ತಿರ ಬಂತು.

ಆದರೆ ಇಲ್ಲೇ ಹೊಸ ಅಪಾಯ ಶುರು. ಪ್ರಪಂಚಕ್ಕೆಲ್ಲ ಗೊತ್ತಿರುವ ವ್ಯವಸ್ಥೆಗಳಿಗೆ ಇಪಿಎಸ್‌ಜಿ ಪಟ್ಟಿಯಲ್ಲಿ ಸಂಖ್ಯೆಯಿದೆ. 43ನೇ ವಲಯಕ್ಕೆ 32643, 44ಕ್ಕೆ 32644. ನಾನು ಕಟ್ಟಿದ್ದಕ್ಕೆ ಅಂಥ ಸಂಖ್ಯೆಯಿಲ್ಲ. ಸಾಫ್ಟ್‌ವೇರ್ ಅದಕ್ಕೊಂದು ಸ್ವಂತ ಸಂಖ್ಯೆ ಕೊಟ್ಟು ನನ್ನ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳುತ್ತದೆ. ಅದೇ ಸಂಖ್ಯೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬೇರೆಯದೇ ವ್ಯವಸ್ಥೆಯ ಹೆಸರಾಗಿರಬಹುದು. ಶೇಪ್ ಫೈಲಿನ ಜೊತೆ ವಿವರ ಹೊತ್ತಿರುವ ಪುಟ್ಟ ಕಡತವೊಂದು ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಮೊದಲು ಕಳೆದುಹೋಗುವುದೇ ಅದು. ಹತ್ತು ವರ್ಷದ ಮೇಲೆ ಮಕ್ಕಳು ಫೈಲ್ ತೆರೆದರೆ ಅಂಕಿಗಳು ಇರುತ್ತವೆ, ಅರ್ಥ ಇರುವುದಿಲ್ಲ.

ಹಾಗಾಗಿ ನನ್ನ ವಾದ ಇಷ್ಟೇ. ಡ್ರೋನ್ ಎಷ್ಟು ಸೆಂಟಿಮೀಟರ್ ನಿಖರ ಎಂದು ಕೇಳುವ ನಾವು, ಯಾವ ಸಿಆರ್‌ಎಸ್‌ನಲ್ಲಿ ಎಂದೂ ಕೇಳಬೇಕು. ಸರ್ಕಾರ ಕೊಡುವ ಪ್ರತಿ ನಕ್ಷೆ, ಸ್ಕೆಚ್ಚಿನ ಮೂಲೆಯಲ್ಲಿ ಅದರ ಸಿಆರ್‌ಎಸ್ ಅಚ್ಚಾಗಿರಲಿ. ತಾಲ್ಲೂಕಿಗೋ ಯೋಜನೆಗೋ ಪ್ರತ್ಯೇಕ ವ್ಯವಸ್ಥೆ ಕಟ್ಟಿದ್ದರೆ ಬರೀ ಸಂಖ್ಯೆಯಲ್ಲ, ಪೂರ್ತಿ ವ್ಯಾಖ್ಯೆ ಸಾರ್ವಜನಿಕವಾಗಿ ಸಿಗಲಿ. ಹಳೆಯ ನಕ್ಷೆಯನ್ನು ಯಾವ ಕಲ್ಲುಗಳಿಗೆ ಹೊಂದಿಸಿದರು, ಎಷ್ಟು ವ್ಯತ್ಯಾಸ ಉಳಿಯಿತು ಎಂಬುದೂ ದಾಖಲಾಗಲಿ. ಇದಕ್ಕೆ ಖರ್ಚು ನಾಲ್ಕು ಸಾಲಿನ ಬರವಣಿಗೆ ಮಾತ್ರ.

ನಾವು ಹೊರಗಿರುವವರು ಮಾಡಬೇಕಾದ್ದೂ ಇದೆ. ಖಾಸಗಿ ಸರ್ವೆ ಮಾಡಿಸಿದರೆ ಚಿತ್ರವಷ್ಟೇ ಅಲ್ಲ, ಮೂಲ ಫೈಲನ್ನೂ ಅದರ ಸಿಆರ್‌ಎಸ್ ವಿವರವನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಸ್ಥಳ ಗೊತ್ತಿರುವ ಮೂರು ಕಲ್ಲುಗಳನ್ನು ನಕ್ಷೆಯಲ್ಲಿ ತಾಳೆ ನೋಡಿ. ಫೋನಿನ ನೀಲಿ ಚುಕ್ಕೆ ತೆರೆದ ಬಯಲಿನಲ್ಲೇ ಐದು ಮೀಟರ್ ಆಚೀಚೆ ಇರುತ್ತದೆ, ಮರದ ಕೆಳಗೆ ಇನ್ನೂ ಹೆಚ್ಚು. ಅದರ ಸ್ಕ್ರೀನ್‌ಶಾಟನ್ನು ಕುಟುಂಬದ ಗ್ರೂಪಿಗೆ ಹಾಕಿ ‘ನೋಡಿ, ಬದು ಒತ್ತುವರಿಯಾಗಿದೆ’ ಎಂದು ಬರೆಯುವ ಮುನ್ನ ಯೋಚಿಸಿ.

ನಾನೂ ಅಪ್ಪನಿಗೆ ನಕ್ಷೆ ವಾಪಸ್ ಕಳಿಸಲಿಲ್ಲ. ಯಾವ ಗೆರೆ ಕಳಿಸಿದರೂ ಅವರು ಅದನ್ನು ಚಿಕ್ಕಪ್ಪನ ಮುಂದೆ ಹಿಡಿಯುತ್ತಿದ್ದರು. ಫೋನ್ ಮಾಡಿ, ‘ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯರ್ ಬರುವ ದಿನ ನಾನೂ ಬರ್ತೀನಿ, ಚಿಕ್ಕಪ್ಪನೂ ಇರಲಿ’ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪ, ‘ಆ ಮೂಲೆ ಕಲ್ಲು ಎಲ್ಲಿದೆ ಅಂತ ಅವನಿಗೇ ಸರಿಯಾಗಿ ಗೊತ್ತು’ ಎಂದರು.