ಪಾಲಿಕೆಯಿಂದ ಸಂಸತ್ತಿಗೆ

1967ರ ಲೋಕಸಭಾ ಚುನಾವಣೆ. ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್‌ನಿಂದ ಕಣದಲ್ಲಿದ್ದವರು ಎಸ್.ಕೆ. ಪಾಟೀಲ: ಮೂರು ಬಾರಿ ಮೇಯರ್, ಕೇಂದ್ರ ಸಚಿವ, ನಗರದ ಮುಕುಟವಿಲ್ಲದ ದೊರೆ. ಎದುರಿಗೆ ಮಂಗಳೂರಿನ ಜಾರ್ಜ್ ಫರ್ನಾಂಡಿಸ್.

ಜಾರ್ಜ್ ಬರಿಗೈಯಲ್ಲೇನೂ ನಿಂತಿರಲಿಲ್ಲ. ಕೆಲಸ ಅರಸಿ ಬಂದ ಹೊಸತರಲ್ಲಿ ಚೌಪಾಟಿಯ ಬೆಂಚಿನ ಮೇಲೆ ಮಲಗಿ, ನಡುರಾತ್ರಿ ಪೊಲೀಸರಿಂದ ಎಬ್ಬಿಸಿಕೊಂಡವರು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರಲ್ಲಿ ಸಂಘಟನೆಯ ಪಟ್ಟು ಕಲಿತರು. ಹೋಟೆಲ್ ಮಾಣಿಗಳು (ನಮ್ಮ ಕರಾವಳಿಯವರೂ ಅವರಲ್ಲಿ ಕಡಿಮೆಯಿರಲಿಲ್ಲ), ಟ್ಯಾಕ್ಸಿ ಚಾಲಕರು, ಪಾಲಿಕೆ ನೌಕರರು ಅವರನ್ನು ಹೆಸರು ಹಿಡಿದು ಕೂಗುತ್ತಿದ್ದರು. 1961ರಲ್ಲೇ ಮಹಾನಗರಪಾಲಿಕೆಗೆ ಆಯ್ಕೆಯಾಗಿ, ದುಡಿಯುವವರ ದೂರುಗಳನ್ನು ಸಭೆಗೆ ಹೊತ್ತು ತಂದಿದ್ದರು.

ಪಾಟೀಲರು ಸೋತರು. ಪತ್ರಿಕೆಗಳಿಗೆ ಅದು ಪವಾಡ. ವಾರ್ಡುಗಳನ್ನು ಬಲ್ಲವರಿಗೆ ಅಷ್ಟೇನೂ ಅಲ್ಲ.

ಸಂಸದರಾದ ಮೇಲೂ ಜಾರ್ಜ್ 1968ರವರೆಗೆ ಪಾಲಿಕೆಯ ಸದಸ್ಯತ್ವ ಬಿಡಲಿಲ್ಲ.