82 ಡಿಗ್ರಿಯ ಪರವಾಗಿ ಎರಡು ಮಾತು

ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ಗುಂಪಿನಲ್ಲಿ ಐದು ನಿಮಿಷ ನಿಂತರೆ ಸಾಕು, ಮಾತು ಥರ್ಮೋಸ್ಟಾಟಿಗೆ ಬಂದೇ ಬರುತ್ತೆ. ಅದರ ಬೆಲೆ ಒಂದು ಹೊತ್ತಿನ ಊಟದಷ್ಟು. ಜಗಳ ಮಾತ್ರ ಆಸ್ತಿ ಪಾಲಿನಷ್ಟು! "74 ಹಾಕು, ತಣ್ಣಗಿರುತ್ತೆ" ಅಂತ ಒಬ್ಬರು. "88 ಹಾಕು, ಹೀಟರ್ ಚೆನ್ನಾಗಿ ಬರುತ್ತೆ" ಅಂತ ಇನ್ನೊಬ್ಬರು. "ಅದನ್ನ ಕಿತ್ತು ಎಸಿ" ಅಂತ ಮೂರನೆಯವರು. ನನ್ನದು ನಾಲ್ಕನೇ ಅಭಿಪ್ರಾಯ, ಅದನ್ನ ಇಲ್ಲಿ ಇಳಿಸ್ತಾ ಇದ್ದೀನಿ. ಕಾರಿನ ವಿಷಯ ಬೇಡ ಅನ್ನೋರು ಬೇಜಾರು ಮಾಡ್ಕೋಬೇಡಿ, ಮುಂದಿನ ಸಲ ಊಟ ತಿಂಡಿ ಬಗ್ಗೆ ಬರೀತೀನಿ :)

ನಾನು ಹೇಳ್ತಿರೋದು ಮುಖ್ಯವಾಗಿ ಎಂಜಿಬಿ ಬಗ್ಗೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ತಯಾರಾದ ಕಾರು. ನಾನಿರೋ ಕಡೆ ಭಾನುವಾರ ಬಿಸಿಲು ಬಿದ್ದರೆ ಟಾಪು ಬಿಚ್ಚಿಕೊಂಡು ಒಂದೆರಡಾದರೂ ಹೊರಗೆ ಬರುತ್ತವೆ. ಕನ್ನಡದೋರಿಗೂ ಎಂಜಿಬಿಗೂ ಏನ್ರೀ ಸಂಬಂಧ ಅಂತೀರಾ? ಇದೆ. ಅದರ 1798 ಸಿಸಿ ಎಂಜಿನ್ನೂ ನಮ್ಮ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಒಂದೇ ವಂಶದವು, ಬಿಎಂಸಿಯವರ ಬಿ ಸೀರೀಸ್. ಎಂಜಿಬಿಗಿಂತ ಮುಂಚೆ ಬಂದ ಎಂಜಿಎಯಲ್ಲಿ ಮೊದಲು ಇದ್ದದ್ದಂತೂ ಇದೇ 1489 ಸಿಸಿ. ಅಂದರೆ ಮದುವೆ ಮನೆಗೆ ಹತ್ತು ಜನರನ್ನ ತುಂಬಿಕೊಂಡು ಹೋಗ್ತಿದ್ದ ನಮ್ಮ ಬಿಳೀ ಟ್ಯಾಕ್ಸಿ, ಈ ಷೋಕಿಲಾಲನ ದಾಯಾದಿ!

ಈಗ ವಿಷಯ. ಥರ್ಮೋಸ್ಟಾಟ್ ಅಂದರೆ ಬಾಗಿಲು ಕಾಯೋನು. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಕಡೆಯ ಬಾಗಿಲು ಮುಚ್ಚಿಟ್ಟಿರ್ತಾನೆ, ಒಳಗಿನ ನೀರು ಬೇಗ ಬಿಸಿಯಾಗಲಿ ಅಂತ. ಪುಟ್ಟ ಹಿತ್ತಾಳೆ ಬಟ್ಟಲಿನಲ್ಲಿ ಮೇಣ ತುಂಬಿರುತ್ತೆ. ನೀರು ಬಿಸಿಯಾದಾಗ ಮೇಣ ಕರಗಿ ಹಿಗ್ಗುತ್ತೆ, ಹಿಗ್ಗಿ ಒಂದು ಕಡ್ಡಿಯನ್ನ ತಳ್ಳುತ್ತೆ, ವಾಲ್ವ್ ತೆರೆಯುತ್ತೆ. ತಣ್ಣಗಾದರೆ ಸ್ಪ್ರಿಂಗು ಅದನ್ನ ವಾಪಸ್ ಎಳೆಯುತ್ತೆ. ಅಷ್ಟೇ. 82 ಅಂತ ಅಚ್ಚು ಹಾಕಿದ್ದರೆ 82ರ ಆಸುಪಾಸಿನಲ್ಲಿ ತೆರೆಯೋಕೆ ಶುರು ಅಂತ ಅರ್ಥ. ಪೂರ್ತಿ ತೆರೆಯೋದು ಇನ್ನೂ ಹತ್ತು ಹನ್ನೆರಡು ಡಿಗ್ರಿ ಮೇಲೆ ಹೋದಾಗ.

ಪೂರ್ತಿ ತೆರೆದ ಮೇಲೆ ಅವನ ಕೈಲಿ ಏನೂ ಇಲ್ಲ. ಆಮೇಲೆ ಬಿಸಿ ಇಳಿಸೋದು ರೇಡಿಯೇಟರು, ಫ್ಯಾನು, ವಾಟರ್ ಪಂಪು ಮತ್ತು ಎದುರುಗಾಳಿಯ ಕೆಲಸ. ಎಂಜಿನ್ 105 ಮುಟ್ಟಿದ ಹೊತ್ತಿಗೆ 74ರದ್ದೂ ಪೂರ್ತಿ ತೆರೆದಿರುತ್ತೆ, 82ರದ್ದೂ ಪೂರ್ತಿ ತೆರೆದಿರುತ್ತೆ. ಎರಡಕ್ಕೂ ಏನು ವ್ಯತ್ಯಾಸ ಸ್ವಾಮಿ? ಥರ್ಮೋಸ್ಟಾಟ್ ಹೇಳೋದು ಎಂಜಿನ್ ಇದಕ್ಕಿಂತ ತಣ್ಣಗಿರಬಾರದು ಅಂತ. ಇದಕ್ಕಿಂತ ಬಿಸಿಯಾಗಬಾರದು ಅಂತ ಹೇಳೋ ಶಕ್ತಿ ಅದಕ್ಕಿಲ್ಲ. ಇಷ್ಟು ತಲೆಗೆ ಹೋದರೆ ಅರ್ಧ ಜಗಳ ಮುಗಿಯುತ್ತೆ.

ಇದು ಬರೀ ವಾದ ಅಲ್ಲ. ಗೆಳೆಯರೊಬ್ಬರ ಎಂಜಿಬಿ ಟ್ರಾಫಿಕ್ಕಿನಲ್ಲಿ ಬಿಸಿಯಾಗ್ತಿತ್ತು. ಯಾರೋ ಹೇಳಿದರು ಅಂತ 74 ಹಾಕಿಸಿದರು. ಚಳಿಗಾಲದಲ್ಲಿ, ವಸಂತದಲ್ಲಿ ಮುಳ್ಳು ಮೊದಲಿಗಿಂತ ಕೆಳಗೆ ನಿಂತಿತು. "ನೋಡಿದ್ರಾ, ಗುಣ ಆಯ್ತು!" ಅಂತ ಊರೆಲ್ಲ ಹೇಳಿಕೊಂಡು ಬಂದರು. 2022ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಸಲ 40 ಡಿಗ್ರಿ ದಾಟಿತಲ್ಲ, ಆ ವಾರ ಹೆದ್ದಾರಿಯ ಸಾಲಿನಲ್ಲಿ ಸಿಕ್ಕಿಕೊಂಡು ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ಡೂ ಸೊಟ್ಟಗಾಯಿತು. ಬಿಚ್ಚಿ ನೋಡಿದರೆ ರೇಡಿಯೇಟರಿನ ಕೆಳಗಿನ ಅರ್ಧ ತುಕ್ಕಿನ ಕೆಸರಿನಿಂದ ಕಟ್ಟಿಹೋಗಿತ್ತು. ಕಾಯಿಲೆ ಅಲ್ಲೇ ಇತ್ತು, 74 ಅದನ್ನ ಆರು ತಿಂಗಳು ಮುಚ್ಚಿಟ್ಟಿತು ಅಷ್ಟೇ. ಸಣ್ಣ ಬೆಲೆಯ ಸಾಮಾನು ತಪ್ಪು ಧೈರ್ಯ ಕೊಟ್ಟು ದೊಡ್ಡ ಬಿಲ್ ಮಾಡಿಸೋದು ಹೀಗೆ.

ಹಾಗಾದರೆ ಕಂಪನಿಯವರೇ 74 ಯಾಕೆ ಕೊಟ್ಟರು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಂಜಿಬಿ ಕೈಪಿಡಿಯಲ್ಲಿ ಮೂರು ಸಂಖ್ಯೆಗಳಿವೆ: ಸಾಮಾನ್ಯಕ್ಕೆ 82, ಬಿಸಿ ದೇಶಗಳಿಗೆ 74, ಚಳಿ ದೇಶಗಳಿಗೆ 88. ಬಿಸಿ ದೇಶದಲ್ಲಿ 74 ಇದ್ದರೆ ಘಾಟಿ ಹತ್ತೋಕೆ ಮುಂಚೆ ನೀರು ಸ್ವಲ್ಪ ತಣ್ಣಗಿರುತ್ತೆ, ಬಿಸಿ ಏರೋಕೆ ನಾಲ್ಕು ನಿಮಿಷ ಹೆಚ್ಚು ಸಿಗುತ್ತೆ. ಅಷ್ಟರ ಮಟ್ಟಿಗೆ ಅದಕ್ಕೆ ಬೆಲೆ ಇದೆ, ಇಲ್ಲ ಅನ್ನಲ್ಲ. ಆದರೆ ಅದು ಎಲ್ಲಾ ಸರಿ ಇರುವ ಕಾರಿಗೆ ಕೊಡೋ ಸಣ್ಣ ಅನುಕೂಲ. ಕಟ್ಟಿಕೊಂಡ ರೇಡಿಯೇಟರಿಗೆ ಔಷಧಿ ಅಲ್ಲ.

ಇನ್ನು "ಕಿತ್ತು ಎಸಿ" ಪಂಗಡ. ಇವರು ನಮಗೆ ಹೊಸಬರಲ್ಲ. "ತೆಗೆದ್ಬಿಡಿ ಸಾರ್, ನಮ್ಮ ಬಿಸಿಲಿಗೆ ಇದ್ಯಾಕೆ?" ಅಂತ ಹೇಳೋ ಮೇಸ್ತ್ರಿ ಇಲ್ಲದ ಗ್ಯಾರೇಜು ನಮ್ಮ ಕಡೆ ಎಲ್ಲಿದೆ ಹೇಳಿ? ಬೆಳಗ್ಗೆ ಐದಕ್ಕೆ ಸ್ಟಾರ್ಟ್ ಮಾಡಿ ರಾತ್ರಿ ಹತ್ತಕ್ಕೆ ಆಫ್ ಮಾಡೋ ಟ್ಯಾಕ್ಸಿಗೆ ಹೇಗೋ ನಡೆಯುತ್ತೆ. ವಾರಕ್ಕೊಮ್ಮೆ ಹತ್ತು ಮೈಲಿ ಓಡೋ ಸ್ಪೋರ್ಟ್ಸ್ ಕಾರಿಗೆ ನಡೆಯಲ್ಲ. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಸಿಲಿಂಡರ್ ಗೋಡೆಯ ಎಣ್ಣೆಯನ್ನ ತೊಳೆದು ಕೆಳಗಿಳಿಯುತ್ತೆ. ಉರಿದಾಗ ಹುಟ್ಟಿದ ನೀರಿನ ಆವಿ ಎಣ್ಣೆಯಲ್ಲಿ ಸೇರುತ್ತೆ, ಎಣ್ಣೆ ಬಿಸಿಯಾದರೆ ತಾನೇ ಅದು ಹೊರಗೆ ಹೋಗೋದು? ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಗೆ ನೋಡಿ, ಕಾಫಿ ನೊರೆ ಥರ ಬಿಳಿ ಲೋಳೆ ಕಂಡರೆ ಎಂಜಿನ್ ಬಿಸಿಯೇ ಆಗ್ತಿಲ್ಲ ಅಂತ ಅನುಮಾನಪಡಿ. ಜೊತೆಗೆ ಚೋಕ್ ಎಳೆದಿಟ್ಟುಕೊಂಡೇ ಓಡಿಸಬೇಕು. 50-60 ವರ್ಷ ಬಾಳಿದ ಎಂಜಿನ್ನು ಬಿಸಿಲಿಗಿಂತ ಈ ಚಳಿಗೇ ಹೆಚ್ಚು ಸವೆಯುತ್ತೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ಅಂದಹಾಗೆ, 82ರಿಂದ ಮುಳ್ಳು 95ಕ್ಕೆ ಹೋದ ಕೂಡಲೇ ಎದೆ ಹೊಡೆದುಕೊಳ್ಳಬೇಕಾಗಿಲ್ಲ. 10 ಪಿಎಸ್‌ಐ ರೇಡಿಯೇಟರ್ ಕ್ಯಾಪ್ ಸರಿಯಾಗಿ ಒತ್ತಡ ಹಿಡಿದಿದ್ದರೆ ಬರೀ ನೀರೇ ಸುಮಾರು 115 ಡಿಗ್ರಿವರೆಗೆ ಕುದಿಯಲ್ಲ. ಕೆಲವು ಎಂಜಿಬಿಗಳ ಮೀಟರಿನಲ್ಲಿ ಅಂಕಿಯೇ ಇಲ್ಲ, ಸಿ, ಎನ್, ಎಚ್ ಅಂತ ಮೂರು ಅಕ್ಷರ ಅಷ್ಟೇ. ಅದನ್ನ ನಂಬಿ ಥರ್ಮೋಸ್ಟಾಟ್ ಬದಲಾಯಿಸೋದು ಕವಡೆ ಹಾಕಿ ಔಷಧಿ ಕೊಟ್ಟ ಹಾಗೆ.

ಎಲ್ಲರೂ ಸಂಖ್ಯೆ ಬಗ್ಗೆ ಗುದ್ದಾಡ್ತಾರೆ, ಆಕಾರ ನೋಡೋರು ಕಡಿಮೆ. ನನ್ನ ಸಿಟ್ಟು ಇರೋದು ಇಲ್ಲೇ. ಟ್ರಯಂಫ್ ಟಿಆರ್2, ಟಿಆರ್3 ತಗೊಳ್ಳಿ. ಅವುಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ನೇರ ಪಂಪಿಗೆ ವಾಪಸ್ ಬರೋಕೆ ಒಂದು ಬೈಪಾಸ್ ದಾರಿ ಇದೆ. ಮೂಲ ಥರ್ಮೋಸ್ಟಾಟಿಗೆ ಸುತ್ತ ಒಂದು ಸ್ಲೀವ್ ಇತ್ತು. ವಾಲ್ವ್ ತೆರೆದಂತೆ ಆ ಸ್ಲೀವ್ ಬಂದು ಬೈಪಾಸನ್ನ ಮುಚ್ಚುತ್ತಿತ್ತು. ಜಾಗ್ವಾರ್ ಇ-ಟೈಪಿನ ಎಕ್ಸ್‌ಕೆ ಎಂಜಿನ್ನಿನಲ್ಲೂ ಇದೇ ಉಪಾಯ. ಈಗ ಅಂಗಡಿಯಲ್ಲಿ "ಇದೂ ಕೂರುತ್ತೆ" ಅಂತ ಕೊಡೋ ಸಾದಾ ಮೇಣದ ಥರ್ಮೋಸ್ಟಾಟಿನಲ್ಲಿ ಸ್ಲೀವ್ ಇರಲ್ಲ. ಅಳತೆಗೆ ಸರಿಯಾಗಿ ಕೂರುತ್ತೆ, ನಿಜ. ಆದರೆ ಬೈಪಾಸ್ ಸದಾ ತೆರೆದೇ ಇರುತ್ತೆ, ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಒಳಗೇ ಸುತ್ತುತ್ತೆ. ಆಮೇಲೆ ನೀವು 74 ಹಾಕಿ, 60 ಹಾಕಿ, ಏನು ಪ್ರಯೋಜನ? ಅಂಥ ಕಾರಿಗೆ ಸ್ಲೀವ್ ಇರೋದನ್ನೇ ಹುಡುಕಿ. ಸಿಗದಿದ್ದರೆ ಬೈಪಾಸ್ ಪೈಪಿನೊಳಗೆ ಸಣ್ಣ ತೂತಿನ ಬಿರಡೆ ಇಟ್ಟು ದಾರಿ ಕಿರಿದು ಮಾಡಿ. ಪೂರ್ತಿ ಮುಚ್ಚಬೇಡಿ, ತಣ್ಣಗಿದ್ದಾಗಲೂ ಒಳಗೆ ನೀರು ಸುತ್ತಬೇಕು. ಇಂಥ ಕಾರಿನಿಂದ ಥರ್ಮೋಸ್ಟಾಟ್ ಕಿತ್ತರಂತೂ ಬೈಪಾಸಿಗೆ ರಾಜಮಾರ್ಗ ಸಿಕ್ಕಿತು ಅಂತಲೇ ಲೆಕ್ಕ.

ಹಳೇ ಸ್ಟಾಕಿನ ಬೆಲ್ಲೋಸ್ ಥರ್ಮೋಸ್ಟಾಟ್ ಬೇಕು ಅಂತ ಹಟ ಹಿಡಿಯೋರೂ ಇದ್ದಾರೆ. ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಲೋಹದ ಡಬ್ಬಿ, ಒಳಗೆ ಬೇಗ ಆವಿಯಾಗೋ ದ್ರವ. ಅದು ಕೆಟ್ಟರೆ ಸಾಮಾನ್ಯವಾಗಿ ತೆರೆದುಕೊಂಡು ಕೆಡುತ್ತೆ, ಎಂಜಿನ್ ಉಳಿಯುತ್ತೆ. ಮೇಣ ಸೋರಿದರೆ ಮುಚ್ಚಿಕೊಂಡೇ ಕೂರುತ್ತೆ. ಹಾಗಾಗಿ ಹಟ ಅರ್ಥವಾಗುತ್ತೆ. ಆದರೂ 50 ವರ್ಷ ಡಬ್ಬದಲ್ಲಿ ಮಲಗಿದ್ದಕ್ಕೆ ದುಪ್ಪಟ್ಟು ದುಡ್ಡು ನಾನು ಕೊಡಲ್ಲ.

ಹೊಸದನ್ನ ಕೊಳ್ಳುವಾಗ ಎರಡು ಕೊಳ್ಳಿ. ಅಡುಗೆಮನೆಗೆ ಹೋಗಿ ಪಾತ್ರೆಯಲ್ಲಿ ನೀರಿಟ್ಟು ಎರಡನ್ನೂ ದಾರದಲ್ಲಿ ತಳಕ್ಕೆ ತಾಗದ ಹಾಗೆ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರು. (ಮನೆಯವರು ಹಾಲು ಕಾಯಿಸೋ ಪಾತ್ರೆ ಬೇಡ, ಶಾಂತಿ ಮುಖ್ಯ.) ಎಷ್ಟಕ್ಕೆ ತೆರೆಯೋಕೆ ಶುರುವಾಯಿತು, ಎಷ್ಟಕ್ಕೆ ಪೂರ್ತಿ ತೆರೆಯಿತು, ತಣ್ಣಗಾದಾಗ ಪೂರ್ತಿ ಮುಚ್ಚಿತಾ, ಬರೆದಿಟ್ಟುಕೊಳ್ಳಿ. ಚೆನ್ನಾಗಿರೋದು ಕಾರಿಗೆ, ಇನ್ನೊಂದು ಡಿಕ್ಕಿಗೆ. ಬೆಂಗಳೂರಿನಲ್ಲಿ ಈ ಪರೀಕ್ಷೆ ಮಾಡೋರು ಒಂದು ನೆನಪಿಡಿ, ಅಲ್ಲಿನ ಎತ್ತರಕ್ಕೆ ನೀರು ಸುಮಾರು 97ಕ್ಕೇ ಕುದಿಯುತ್ತೆ. 88ರದ್ದು ಪಾತ್ರೆಯಲ್ಲಿ ಪೂರ್ತಿ ತೆರೆಯಲಿಲ್ಲ ಅಂತ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ.

ಅಂಚಿನಲ್ಲಿ ಗಾಳಿ ಹೋಗೋಕೆ ಪುಟ್ಟ ತೂತು, ಅದರಲ್ಲಿ ಅಲುಗಾಡೋ ಪಿನ್ನು ಇದೆಯಾ ನೋಡಿ. ಇಲ್ಲದಿದ್ದರೆ 3 ಮಿಮೀ ತೂತು ನೀವೇ ಕೊರೆಯಿರಿ. ಇಲ್ಲವಾದರೆ ನೀರು ತುಂಬುವಾಗ ಗಾಳಿ ಕೆಳಗೇ ಸಿಕ್ಕಿಕೊಳ್ಳುತ್ತೆ. ಎಂಜಿಬಿಯ ಥರ್ಮೋಸ್ಟಾಟ್ ಮುಚ್ಚಳ ಕೂತಿರೋದು ಮೂರು ಸ್ಟಡ್ಡುಗಳ ಮೇಲೆ. ತುಕ್ಕು ಹಿಡಿದು ಅವು ಅಲ್ಯುಮಿನಿಯಂ ಮುಚ್ಚಳವನ್ನ ಕಚ್ಚಿಕೊಂಡಿರುತ್ತವೆ, ಹಿಂದಿನ ರಾತ್ರಿಯೇ ಎಣ್ಣೆ ಬಿಡಿ, ಸುತ್ತಿಗೆ ಎತ್ತಬೇಡಿ.

ನಿಮ್ಮ ಮನೆಯಲ್ಲೋ ಅಜ್ಜನ ಮನೆಯಲ್ಲೋ ಅಂಬಾಸಿಡರ್ ಇದ್ದರೆ ಆ ಮುಚ್ಚಳ ತೆಗೆಸಿ ನೋಡಿ ಹೇಳ್ತೀರಾ? ಒಳಗೆ ಥರ್ಮೋಸ್ಟಾಟ್ ಇದೆಯಾ, ಅಥವಾ ಮೇಸ್ತ್ರಿ ಯಾವತ್ತೋ ಕಿತ್ತಾಯ್ತಾ?