ಬೀದರದ ಕಾಳು, ಮಲೆನಾಡಿನ ಹುಳಿ

ಮಾಂಸವನ್ನು ಬಿಟ್ಟು ಹೊಸದಾಗಿ ಸಸ್ಯಾಹಾರಕ್ಕೆ ತಿರುಗಿದವರಿಗೆ ಮೊದಲು ಎದುರಾಗುವುದು ನಾಲಿಗೆಯ ಪ್ರಶ್ನೆ. ಪ್ರೋಟೀನಿಗೆಂದು ಪೇಟೆಯಿಂದ ತೋಫು ತಂದರೆ ಅದು ಸಪ್ಪೆ. ಆ ಸಪ್ಪೆಯನ್ನು ನೀಗಲು ಸೋಯಾ ಸಾಸಿನ ಬಾಟಲಿ, ವಿನೆಗರಿನ ಬಾಟಲಿ, ಮಸಾಲೆಯ ಪೊಟ್ಟಣಗಳು ಒಂದೊಂದಾಗಿ ಮನೆ ಸೇರುತ್ತವೆ. ಪ್ರಾಣಿಗಳ ಮೇಲಿನ ಮತ್ತು ಪರಿಸರದ ಮೇಲಿನ ಹೊರೆಯನ್ನು ಇಳಿಸಬೇಕೆಂದು ಆರಂಭಿಸಿದ ಊಟ ಹೀಗೆ ಪ್ಲಾಸ್ಟಿಕ್ಕಿನ ರಾಶಿಯಲ್ಲಿ ಮುಗಿಯುವುದು ಅನಿವಾರ್ಯವೇ? ಅಲ್ಲವೆಂಬುದು ಈ ಬರೆಹದ ವಾದ.

ತೋಫುವಿನ ಮೂಲವಾದ ಸೋಯಾ ಅವರೆಯನ್ನು ನಮ್ಮ ರಾಜ್ಯದಲ್ಲಿ ಹೆಚ್ಚಾಗಿ ಬೆಳೆಯುವ ಜಿಲ್ಲೆ ಬೀದರ. ಭಾಲ್ಕಿ, ಔರಾದ ಹಾಗೂ 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಒಂದಾದ ಕಮಲನಗರದ ಹೊಲಗಳಲ್ಲಿ ಮುಂಗಾರಿಗೆ ಎಲ್ಲೆಡೆ ಕಾಣುವುದು ಇದೇ ಬೆಳೆ. ಒಂದು ಕಾಲಕ್ಕೆ ಹೆಸರು, ಉದ್ದು ನಿಂತಿದ್ದ ನೆಲದ ಬಹುಭಾಗವನ್ನು ಕೆಲವೇ ದಶಕಗಳಲ್ಲಿ ಅದು ಆವರಿಸಿದೆ. ಆದರೆ ಹೆಸರಿಗೂ ಉದ್ದಿಗೂ ಅಡುಗೆಮನೆಯಲ್ಲಿ ದೊರೆತ ಸ್ಥಾನ ಸೋಯಾಕ್ಕೆ ದೊರೆತಿಲ್ಲ. ಕಾಳಿನ ಬಹುಪಾಲು ಎಣ್ಣೆ ಗಿರಣಿಗೆ ಹೋಗುತ್ತದೆ; ಉಳಿದ ಹಿಂಡಿ ಕೋಳಿಯ ಆಹಾರವಾಗುತ್ತದೆ. ನೂರು ಗ್ರಾಂ ಕಾಳಿನಲ್ಲಿ ಸುಮಾರು 36ರಿಂದ 40 ಗ್ರಾಂ ಪ್ರೋಟೀನ್ ಇರುವ ಧಾನ್ಯವೊಂದು ಬೆಳೆದವರ ತಟ್ಟೆಯನ್ನು ಮುಟ್ಟದೆ ಊರು ದಾಟುತ್ತಿದೆ.

ನಮ್ಮ ಬೆಟ್ಟದ ಊರುಗಳ ಕಥೆಯೂ ಬೇರೆಯಲ್ಲ. ಸಹ್ಯಾದ್ರಿಯ ಕಾಡು ಕೊಡುವ ಉಪ್ಪಾಗೆಯ ಸಿಪ್ಪೆ, ಮುರುಗಲ ಸಿಪ್ಪೆಗಳು ಒಣಗಿ ವ್ಯಾಪಾರಿಯ ಚೀಲ ಸೇರುತ್ತವೆ. ಉಪ್ಪಾಗೆಗೆ ಹೊರದೇಶದ ಬೇಡಿಕೆ ಬಂದಾಗ ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದವರೂ ಇದ್ದಾರೆ. ಸಿಪ್ಪೆ ಒಣಗಿಸಲು ಉರಿದ ಸೌದೆಯೂ ಕಾಡಿನದೇ. ಅಲ್ಲಿ ಕಾಳು, ಇಲ್ಲಿ ಹುಳಿ: ಎರಡೂ ಕಚ್ಚಾ ವಸ್ತುವಾಗಿ ಹೊರಟು, ಬೆಲೆ ಏರಿಸಿಕೊಂಡು ಪೊಟ್ಟಣದಲ್ಲಿ ಮರಳುತ್ತವೆ. ಇವೆರಡನ್ನೂ ನಮ್ಮ ಒಲೆಯ ಮೇಲೆಯೇ ಕೂಡಿಸಬಾರದೇಕೆ?

ತೋಫು ಮಾಡುವುದು ಹಾಲು ಒಡೆಸಿದಷ್ಟೇ ಸುಲಭ. ಕಾಳನ್ನು ರಾತ್ರಿ ನೆನೆಸಿ, ನೀರು ಸೇರಿಸಿ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಬಂದ ಹಾಲನ್ನು ಹತ್ತು ನಿಮಿಷವಾದರೂ ಚೆನ್ನಾಗಿ ಕುದಿಸಬೇಕು. ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಯಾಗುವ ಅಂಶವಿರುವುದರಿಂದ ಈ ಹಂತವನ್ನು ಕಡೆಗಣಿಸಕೂಡದು. ಒಲೆಯಿಂದಿಳಿಸಿ ತುಸು ಆರಿದ ಮೇಲೆ ನಿಂಬೆರಸ ಹಿಂಡಿದರೆ ಹಾಲು ಒಡೆಯುತ್ತದೆ. ಬಟ್ಟೆಯಲ್ಲಿ ಕಟ್ಟಿ ಕಲ್ಲು ಹೇರಿದರೆ ಗಟ್ಟಿಯಾಗುತ್ತದೆ. ಸೋಸಿದಾಗ ಉಳಿದ ಚರಟವನ್ನು ರೊಟ್ಟಿಯ ಹಿಟ್ಟಿಗೆ ಬೆರೆಸಬಹುದು.

ಇನ್ನು ರುಚಿ. ತೋಫುವಿನ ಒಳಗೆ ತುಂಬಿರುವುದು ನೀರು. ಆ ನೀರು ಹೊರಬರದೆ ಮಸಾಲೆ ಒಳಹೋಗದು. ಎಣ್ಣೆ ಹೆಚ್ಚು ಸುರಿದರೆ ಅದು ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ಅರ್ಧ ಗಂಟೆ ಭಾರ ಹೇರಿ, ಬೆರಳಗಲ ಕತ್ತರಿಸಿ, ಬಿಸಿ ಉಪ್ಪುನೀರಿನಲ್ಲಿ ಕಾಲು ಗಂಟೆ ಇಟ್ಟು ಬಸಿಯಬೇಕು. ಬಳಿಕ ಉಪ್ಪು, ಹುಳಿ, ಖಾರಗಳ ನೀರುರಸದಲ್ಲಿ ಒಂದೆರಡು ಗಂಟೆ ನೆನೆಯಲಿ. ಎಣ್ಣೆ ಬೇಕಾಗುವುದು ಕಾವಲಿಯ ಮೇಲೆ ಮಾತ್ರ.

ಕಾಲು ಕಿಲೋ ತೋಫುವಿಗೆ ಎರಡು ಮಾದರಿ. ಮಲೆನಾಡಿನದು: ನಾಲ್ಕೈದು ಮುರುಗಲ ಸಿಪ್ಪೆಯನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಕಿವುಚಿ, ಕುಟ್ಟಿದ ಕಾಳುಮೆಣಸು, ಜಜ್ಜಿದ ಶುಂಠಿ, ಉಪ್ಪು ಸೇರಿಸುವುದು, ಬೆಲ್ಲ ಬೇಗ ಹೊತ್ತುವುದರಿಂದ ಹುರಿದಾದ ಮೇಲೆ ಹಾಕುವುದು. ಬೀದರದ್ದು: ಹುಣಸೆರಸಕ್ಕೆ ಒಣಮೆಣಸಿನಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಬೆರೆಸಿ ನೆನೆಸುವುದು, ಕಾವಲಿಯಿಂದ ತೆಗೆಯುವ ಮುನ್ನ ಗುರೆಳ್ಳು ಪುಡಿ ಉದುರಿಸುವುದು. ಇದು ಜೋಳದ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಬೇಸಗೆಯಲ್ಲಿ ತೋಫು ಬೇಗ ಕೆಡುತ್ತದೆ. ಮಾಡಿದ ದಿನವೇ ಬಳಸುವುದು ಲೇಸು.

ಅಡುಗೆಯೊಂದರಿಂದ ಏಕಬೆಳೆಯ ಸಮಸ್ಯೆ ಪರಿಹಾರವಾಗದೆಂಬ ಆಕ್ಷೇಪ ನ್ಯಾಯವಾದುದೇ. ಹೊಲದಲ್ಲಿ ತೊಗರಿ, ಹೆಸರು, ಜೋಳಗಳ ವೈವಿಧ್ಯ ಉಳಿಯಬೇಕಾದರೆ ಬೆಲೆಯ ಭದ್ರತೆ ಬೇಕು, ಬೀಜದ ಸ್ವಾತಂತ್ರ್ಯ ಬೇಕು. ಹಾಗೆಯೇ ಸಸ್ಯಾಹಾರವು ಮತ್ತೊಬ್ಬರ ತಟ್ಟೆಯನ್ನು ಹೀಗಳೆಯುವ ಅಧಿಕಾರವನ್ನು ಯಾರಿಗೂ ಕೊಡುವುದಿಲ್ಲ. ಈ ನಾಡಿನಲ್ಲಿ ಆಹಾರದ ಹೆಸರಿನಲ್ಲಿ ನಡೆದ ಅವಮಾನ ಸಾಕಷ್ಟಿದೆ. ತೋಫುವಿನಿಂದಲೇ ಎಲ್ಲ ಪೋಷಣೆಯೂ ಸಿಗದು. ಬಿ12 ಜೀವಸತ್ವಕ್ಕೆ ಹಾಲು, ಮೊಸರು, ಇಲ್ಲವೇ ವೈದ್ಯರ ಸಲಹೆಯ ಮಾತ್ರೆ ಬೇಕು.

ಆದರೂ ಬೆಳೆದವರೇ ಉಣ್ಣದ ಬೆಳೆಯ ಭವಿಷ್ಯವನ್ನು ಪೇಟೆಯೊಂದೇ ನಿರ್ಧರಿಸುತ್ತದೆ ಎಂಬುದನ್ನು ಮರೆಯಲಾಗದು. ಕಮಲನಗರದ ಸ್ವಸಹಾಯ ಸಂಘವೊಂದು ತೋಫು ಮಾಡಿ ಹಾಸ್ಟೆಲಿಗೆ ಕೊಡುವಂತಾದರೆ, ಬೆಟ್ಟದ ಊರಿನ ಹೆಂಗಸರು ಬಿಸಿಲಲ್ಲಿ ಒಣಗಿಸಿದ ಹುಳಿಯನ್ನು ನೇರವಾಗಿ ಅಲ್ಲಿಗೆ ಮಾರುವಂತಾದರೆ, ಎರಡು ಊರುಗಳಿಗೂ ತಮ್ಮ ಬೆಳೆಯ ಮೇಲೆ ತುಸು ಹಿಡಿತ ಬರುತ್ತದೆ. ವಿದ್ಯಾರ್ಥಿ ಮಿತ್ರರು ಈ ವಾರ ಒಂದು ಕಿಲೋ ಕಾಳು ಕೊಂಡು ಪ್ರಯೋಗಿಸಿ ನೋಡಲಿ.